ಬೇಲಿಯಡಿ ನೆಲ ಬಗೆಯುವ ನಾಯಿಗಳ ತಡೆ: ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ಕುರಿದೊಡ್ಡಿ ಮತ್ತು ಹಿತ್ತಲುಗಳಿಗೆ ಸಲಹೆ

ಕುರಿ, ಮೇಕೆ, ಕೋಳಿ ಸಾಕುವ ರೈತ ಬಾಂಧವರು ದೊಡ್ಡಿಯ ಬೇಲಿಗೆ ಹಣ ತೊಡಗಿಸುವಾಗ ಅದರ ಎತ್ತರದ ಕಡೆಗೇ ಹೆಚ್ಚಿನ ಗಮನ ಕೊಡುವುದು ವಾಡಿಕೆ. ಐದಾರು ಅಡಿ ಎತ್ತರದ ಜಾಲರಿ, ಮೇಲೆ ಎರಡು ಎಳೆ ಮುಳ್ಳುತಂತಿ, ಗಟ್ಟಿ ಕಂಬ, ಇಷ್ಟಾದರೆ ದೊಡ್ಡಿ ಭದ್ರವೆಂಬ ನಂಬಿಕೆ ಸಾಮಾನ್ಯ. ಆದರೆ ನಾಯಿ ಎತ್ತರದ ಬೇಲಿಯನ್ನು ಹಾರಲು ಯತ್ನಿಸುವುದಕ್ಕಿಂತ ಅದರ ಬುಡದಲ್ಲಿ ನೆಲ ಬಗೆದು ನುಸುಳುವುದೇ ಹೆಚ್ಚು. ತಲೆ ತೂರುವಷ್ಟು ಸಂದು ದೊರೆತರೆ ಬಡಕಲು ನಾಯಿಯ ಮೈಯೂ ತೂರುತ್ತದೆ. ಮೆದು ಮಣ್ಣಿನಲ್ಲಿ ಅಷ್ಟು ಸಂದು ತೋಡಲು ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ದೊಡ್ಡಿಯೊಳಗೆ ನಾಯಿ ಹೊಕ್ಕಾಗ ಆಗುವ ಹಾನಿ ಒಂದು ಕುರಿಗೆ ನಿಲ್ಲುವುದಿಲ್ಲ. ಬಯಲಿನಲ್ಲಾದರೆ ಮಂದೆ ಚದುರಿ ಓಡುತ್ತದೆ. ನಾಯಿಗೆ ಒಂದೋ ಎರಡೋ ಸಿಕ್ಕಬಹುದು. ದೊಡ್ಡಿಯಲ್ಲಿ ಓಡಲು ಸ್ಥಳವಿಲ್ಲ. ಓಡುವುದನ್ನು ಕಂಡಷ್ಟೂ ಅಟ್ಟಿ ಕಚ್ಚುವುದು ನಾಯಿಯ ಹುಟ್ಟುಗುಣವಾದ್ದರಿಂದ ಹಸಿವು ತೀರಿದ ಮೇಲೂ ಅದು ಕೊಲ್ಲುತ್ತಲೇ ಹೋಗುತ್ತದೆ. ಬೆದರಿದ ಕುರಿಗಳು ಒಂದೇ ಮೂಲೆಗೆ ನುಗ್ಗಿ, ಒಂದರ ಮೇಲೊಂದು ಬಿದ್ದು, ಕಚ್ಚಿಸಿಕೊಳ್ಳದೆಯೂ ಉಸಿರುಗಟ್ಟಿ ಸಾಯುತ್ತವೆ. ಬದುಕುಳಿದ ಗಬ್ಬದ ಕುರಿಗಳು ಕಂದು ಹಾಕುವುದುಂಟು. ಸಣ್ಣ ಹಿಡುವಳಿದಾರನ ವರ್ಷದ ಆದಾಯ ಒಂದೇ ರಾತ್ರಿಯಲ್ಲಿ ಹೋಗುವುದು ಹೀಗೆ. ಆದ್ದರಿಂದ ಬೇಲಿಯ ಮೇಲಿನ ಒಂದು ಅಡಿಗಿಂತ ಕೆಳಗಿನ ಒಂದು ಅಡಿಗೆ ಹೆಚ್ಚು ಬೆಲೆಯಿದೆ ಎಂಬುದನ್ನು ಗಮನದಲ್ಲಿಟ್ಟು ಈ ಮುಂದಿನ ಕ್ರಮಗಳನ್ನು ಅನುಸರಿಸಬೇಕು.

ಮೊದಲು ಗುಂಡಿಯನ್ನು ಪರೀಕ್ಷಿಸಿರಿ

ಬೇಲಿಯಡಿ ಗುಂಡಿ ಕಂಡೊಡನೆ ಮಣ್ಣು ತುಂಬಿ ಮುಚ್ಚಬೇಡಿ. ನಾಯಿ ಮುಂಗಾಲಿನಿಂದ ಬಗೆದ ಮಣ್ಣನ್ನು ತನ್ನ ಹಿಂದಕ್ಕೆ ಎಸೆಯುತ್ತದೆ. ಹೀಗಾಗಿ ಮಣ್ಣಿನ ಗುಡ್ಡೆ ಯಾವ ಕಡೆ ಬಿದ್ದಿದೆಯೋ ನಾಯಿ ಆ ಕಡೆ ನಿಂತು ತೋಡಿದೆ ಎಂದರ್ಥ. ಗುಡ್ಡೆ ಹೊರಗಿದ್ದರೆ ಬೀದಿನಾಯಿ ಒಳಬರಲು ಯತ್ನಿಸಿದೆ. ಒಳಗಿದ್ದರೆ ನಿಮ್ಮದೇ ನಾಯಿ ಹೊರಹೋಗಲು ತೋಡಿದೆ. ಎರಡೂ ಕಡೆ ಮಣ್ಣು ಹರಡಿದ್ದರೆ ಒಳನುಗ್ಗಿದ ನಾಯಿ ಅದೇ ದಾರಿಯಿಂದ ಮರಳಿದೆ, ಇಲ್ಲವೆ ಒಳಗಿನ ಮತ್ತು ಹೊರಗಿನ ನಾಯಿಗಳು ಎದುರುಬದುರು ನಿಂತು ಬಗೆದಿವೆ.

ಈ ಒಂದು ಗುರುತು ಮುಂದಿನ ಎಲ್ಲ ಕೆಲಸವನ್ನು ನಿರ್ಧರಿಸುತ್ತದೆ. ತಡೆಯನ್ನು ಯಾವಾಗಲೂ ಬಗೆಯುವ ನಾಯಿ ನಿಲ್ಲುವ ಬದಿಗೆ ಹಾಕಬೇಕು. ಒಳಬದಿಗೆ ಸಾಲಾಗಿ ಕಲ್ಲು ಹೂಳಿದ್ದರೂ ಹೊರಗಿನ ನಾಯಿ ತನ್ನ ಬದಿಯಲ್ಲಿ ಆಳವಾಗಿ ತೋಡಿ ಆ ಕಲ್ಲುಗಳ ಬುಡವನ್ನೇ ಸಡಿಲಿಸುತ್ತದೆ. ಸಾಕಷ್ಟು ಖರ್ಚು ಮಾಡಿಯೂ ಬೇಲಿ ಫಲ ಕೊಡದಿರುವ ಕಡೆಗಳಲ್ಲಿ ಈ ದೋಷವಿದೆಯೇ ಎಂದು ವಿಸ್ತರಣಾ ಕಾರ್ಯಕರ್ತರು ಮೊದಲು ನೋಡತಕ್ಕದ್ದು.

ಗುಂಡಿಯ ಸುತ್ತಲ ಹೆಜ್ಜೆ ಗುರುತು, ಜಾಲರಿಯ ತುದಿಗೆ ಸಿಕ್ಕಿದ ಕೂದಲು, ಮಣ್ಣಿನ ಹಸಿ ಇವನ್ನೂ ನೋಡಿರಿ. ಅಂಗೈ ಅಗಲದ ಚಿಕ್ಕ ಬಿಲಗಳು ಸಾಲಾಗಿದ್ದು ಅವುಗಳ ಬಾಯಲ್ಲಿ ಪುಡಿಮಣ್ಣು ಬಿದ್ದಿದ್ದರೆ ಅದು ಇಲಿ ಅಥವಾ ಹೆಗ್ಗಣದ ಕೆಲಸ. ಅಂಥ ಬಿಲದ ವಾಸನೆ ಹಿಡಿದೇ ನಾಯಿ ಅಲ್ಲಿ ಅಗೆಯಲು ತೊಡಗಿರಬಹುದು. ಕಬ್ಬು ಮತ್ತು ಗೋವಿನಜೋಳದ ಹೊಲಗಳಿಗೆ ತಾಗಿದ ದೊಡ್ಡಿಗಳಲ್ಲಿ ಇದು ಸಾಮಾನ್ಯ. ಅಲ್ಲಿ ಇಲಿಯ ಹತೋಟಿಯಾಗದೆ ನಾಯಿಯ ಹತೋಟಿಯಾಗದು.

ಮಣ್ಣಿಗೆ ತಕ್ಕ ಬೇಲಿ

ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳು ಉತ್ತರ ಒಣ ವಲಯಕ್ಕೂ, ಹುಕ್ಕೇರಿ ತಾಲ್ಲೂಕು ಉತ್ತರ ಸಂಕ್ರಮಣ ವಲಯಕ್ಕೂ ಸೇರಿವೆ. ಮೂರು ತಾಲ್ಲೂಕುಗಳು ಒಂದಕ್ಕೊಂದು ತಾಗಿದ್ದರೂ ನೆಲದ ಗುಣ ಊರೂರಿಗೆ ಬೇರೆ. ಬೇಲಿಯ ಬುಡವನ್ನು ಎಲ್ಲೆಡೆ ಒಂದೇ ಬಗೆಯಾಗಿ ಕಟ್ಟಲಾಗದು.

ಘಟಪ್ರಭಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ಯರಿ ಭೂಮಿಯಲ್ಲಿ ತೊಂದರೆ ಕೊಡುವುದು ಮಣ್ಣಿನ ಹಿಗ್ಗು ಕುಗ್ಗು. ಮಳೆಗಾಲದಲ್ಲಿ ಉಬ್ಬಿ ಬೇಲಿಯ ಬುಡಕ್ಕೆ ಒತ್ತಿಕೊಂಡಿದ್ದ ಮಣ್ಣು ಮಾರ್ಚ್‌ನಿಂದ ಮೇ ತಿಂಗಳವರೆಗೆ ಕುಗ್ಗಿ ಬಿರಿಯುತ್ತದೆ. ಕಂಬ ಸಡಿಲಾಗುತ್ತದೆ, ಜಾಲರಿ ಮತ್ತು ನೆಲದ ನಡುವೆ ಸಂದು ಬೀಳುತ್ತದೆ. ನಾಯಿ ಈ ಬಿರುಕಿನಿಂದಲೇ ಅಗೆಯಲು ಆರಂಭಿಸುತ್ತದೆ. ಇಂಥ ನೆಲದಲ್ಲಿ ಉದ್ದಕ್ಕೂ ಒಂದೇ ಪಟ್ಟಿಯಾಗಿ ಹಾಕಿದ ಕಾಂಕ್ರೀಟ್ ಬಹುಕಾಲ ಬಾಳದೆ ಸೀಳುತ್ತದೆ. ಬೇಲಿಯ ಗೆರೆಯಲ್ಲಿ ಒಂದೂವರೆ ಅಡಿ ಆಳ, ಒಂದು ಅಡಿ ಅಗಲದ ಕಾಲುವೆ ತೆಗೆದು, ಯರಿ ಮಣ್ಣನ್ನು ಹೊರಹಾಕಿ, ಗರಸು ತುಂಬಿ ದಮ್ಮಸು ಮಾಡಿದರೆ ಹಿಗ್ಗು ಕುಗ್ಗು ಬಹಳಷ್ಟು ತಗ್ಗುತ್ತದೆ. ಕಾಂಕ್ರೀಟ್ ಹಾಕಲೇಬೇಕಾದರೆ ಪ್ರತಿ 8ರಿಂದ 10 ಅಡಿಗೊಮ್ಮೆ ಸಂದು ಬಿಟ್ಟು ತುಂಡು ತುಂಡಾಗಿ ಹಾಕಬೇಕು.

ಇದೇ ಅಚ್ಚುಕಟ್ಟಿನಲ್ಲಿ ಸವಳು ಜವಳಾದ ಜಮೀನುಗಳಿವೆ. ಅಲ್ಲಿ ನೆಲದಲ್ಲಿ ಹೂಳಿದ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಸತು ಲೇಪಿತ ತಂತಿಯೂ ಇದಕ್ಕೆ ಪೂರ್ಣ ಹೊರತಲ್ಲ. ಸವಳು ನೆಲದಲ್ಲಿ ತಂತಿಯ ಬದಲು ಕಲ್ಲನ್ನು ಬಳಸುವುದು ಲೇಸು. ಎರಡು ಅಡಿ ಅಗಲದ ಫರಸಿ ಕಲ್ಲುಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದೂವರೆ ಅಡಿ ನೆಲದೊಳಗೆ ಇಳಿಸಿ, ಅರ್ಧ ಅಡಿ ಮೇಲೆ ಬಿಟ್ಟು, ಎರಡೂ ಬದಿಗೆ ಗರಸು ಬಡಿಯಬೇಕು. ಗಾರೆ ಬೇಡ. ಕಲ್ಲು ವಾಲಿದರೆ ಹಾರಿ ಹಾಕಿ ಎತ್ತಿ ಮರಳಿ ಕೂಡಿಸಬಹುದು.

ಗೋಕಾಕ ಸುತ್ತಲಿನ ಗುಡ್ಡದ ಸಾಲುಗಳಲ್ಲಿ ಇದರ ತದ್ವಿರುದ್ಧ ಸ್ಥಿತಿಯಿದೆ. ಗೋಕಾಕ ಜಲಪಾತದ ಬಳಿ ಕಾಣುವ ಗಡಸು ಮರಳುಗಲ್ಲೇ ಅನೇಕ ಕಡೆ ತೆಳುಮಣ್ಣಿನ ಕೆಳಗೆ ಹಬ್ಬಿದೆ. ಕಾಲುವೆ ತೆಗೆಯಲು ಹಾರಿಯೂ ಇಳಿಯದು. ಆದರೆ ನಾಯಿಯೂ ಅಲ್ಲಿ ಆಳಕ್ಕೆ ತೋಡಲಾರದು. ಅದು ಕಲ್ಲುಗಳ ನಡುವಿನ ಮಣ್ಣನ್ನಷ್ಟೇ ಕೆದರಿ, ಮಳೆನೀರು ಕೊರೆದ ಕೊರಕಲನ್ನು ಅಗಲಿಸಿ ನುಸುಳುತ್ತದೆ. ಇಲ್ಲಿ ಜಾಲರಿಯನ್ನು ಹೂಳದೆ ನೆಲದ ಮೇಲೆಯೇ ಹಾಸಿ, ಹೊಲದಲ್ಲಿ ಆಯ್ದ ಕಲ್ಲುಗಳನ್ನು ಒತ್ತಾಗಿ ಹೇರಿದರೆ ಸಾಕು.

ನದಿದಂಡೆಯ ಊರುಗಳಿಗೆ ಒಂದು ಮಾತು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳ ಪ್ರವಾಹ ಗೋಕಾಕ ಭಾಗವನ್ನು ಮುಳುಗಿಸಿದ್ದನ್ನು ಯಾರೂ ಮರೆತಿಲ್ಲ. ನೀರು ಇಳಿದ ಮೇಲೆ ಬೇಲಿಯ ಬುಡಕ್ಕೆ ಕೂಡುವ ಹೊಸ ರೇವೆ ಮಣ್ಣು ಬಲು ಮೆದು. ಅದರ ಮೇಲೆ ಬೇಲಿ ಗಟ್ಟಿಯಾಗಿ ನಿಂತಂತೆ ಕಂಡರೂ ನಾಯಿಗೆ ಅದು ಹುಡಿ ಕೆದರಿದಂತೆ. ರೇವೆಯನ್ನು ತೆಗೆದು ಹಳೆಯ ನೆಲ ಕಂಡ ಮೇಲೆಯೇ ದುರಸ್ತಿ ಮಾಡಿರಿ.

ಜಾಲರಿಯ ಸೆರಗು

ಬಗೆಯುವುದನ್ನು ತಡೆಯಲು ಬೇಲಿಯನ್ನು ಆಳಕ್ಕೆ ಇಳಿಸಬೇಕೆಂದು ತೋರುವುದು ಸಹಜ. ಆದರೆ ಎರಡು ಅಡಿ ಆಳದ ಕಾಲುವೆ ತೆಗೆಯಲು ಆಳಿನ ಖರ್ಚು ಹೆಚ್ಚು. ಹಟವಾದಿ ನಾಯಿ ಎರಡು ಅಡಿಯನ್ನೂ ತೋಡುತ್ತದೆ. ಇದಕ್ಕಿಂತ ಕಡಿಮೆ ಶ್ರಮದ ಉಪಾಯವೆಂದರೆ ಜಾಲರಿಯನ್ನು ಬೇಲಿಯ ಬುಡದಿಂದ ನೆಲದ ಮೇಲೆ ಸೆರಗಿನಂತೆ ಅಡ್ಡಲಾಗಿ ಹಾಸುವುದು.

ಇದು ಫಲಿಸುವುದಕ್ಕೆ ನಾಯಿಯ ಸ್ವಭಾವವೇ ಕಾರಣ. ನಾಯಿ ತಡೆಗೆ ಮೂಗು ತಾಗಿಸಿ, ತಡೆಯ ಬುಡದಲ್ಲಿಯೇ ಕಾಲು ಹಾಕುತ್ತದೆ. ಅಲ್ಲಿ ಉಗುರಿಗೆ ತಂತಿ ಸಿಕ್ಕಿದರೆ ಎಡಕ್ಕೋ ಬಲಕ್ಕೋ ಸರಿದು ಮತ್ತೆ ಬುಡದಲ್ಲಿಯೇ ಯತ್ನಿಸುತ್ತದೆ. ಎರಡು ಅಡಿ ಹಿಂದೆ ಸರಿದು, ಅಲ್ಲಿಂದ ಸುರಂಗ ತೋಡಿ ಬರಬೇಕೆಂಬ ಲೆಕ್ಕಾಚಾರ ಸಾಮಾನ್ಯವಾಗಿ ಅದಕ್ಕೆ ಹೊಳೆಯದು. ತಾನು ನಿಂತ ನೆಲವೇ ಜಾಲರಿಯಾಗಿರುವಾಗ ಅದರ ಶ್ರಮ ವ್ಯರ್ಥವಾಗುತ್ತದೆ.

ಮೂರು ಅಡಿ ಅಗಲದ, ಎರಡು ಅಂಗುಲ ಕಣ್ಣಿನ, 10ರಿಂದ 12 ಗೇಜಿನ ಸತು ಲೇಪಿತ ಜಾಲರಿಯನ್ನು ಆರಿಸಿರಿ. ಚೈನ್‌ಲಿಂಕ್ ಆಗಲಿ ವೆಲ್ಡ್ ಮೆಶ್ ಆಗಲಿ ನಡೆಯುತ್ತದೆ. ಕೋಳಿಗೂಡಿಗೆ ಬಳಸುವ ತೆಳು ಆರುಮೂಲೆ ಜಾಳಿಗೆ ಅಗ್ಗವೆಂದು ಕೊಳ್ಳಬೇಡಿ. ಅದು ಹಲ್ಲಿಗೂ ತಾಳದು, ತುಕ್ಕಿಗೂ ತಾಳದು. ಜಾಲರಿಯ ಒಂದು ಅಡಿಯನ್ನು ಬೇಲಿಗೆ ಒರಗಿಸಿ ಮೇಲಕ್ಕೂ, ಉಳಿದ ಎರಡು ಅಡಿಯನ್ನು ನೆಲದ ಮೇಲಕ್ಕೂ ಬರುವಂತೆ ಮಡಿಸಬೇಕು. ಬೀದಿನಾಯಿಯ ಕಾಟವಿದ್ದಲ್ಲಿ ಸೆರಗು ಹೊರಬದಿಗೆ, ಸಾಕುನಾಯಿ ಹೊರಹೋಗುವುದಿದ್ದಲ್ಲಿ ಒಳಬದಿಗೆ. ಬೇಲಿಗೆ ತಾಗುವ ಭಾಗವನ್ನು ಪ್ರತಿ ಅರ್ಧ ಅಡಿಗೊಮ್ಮೆ ಬೈಂಡಿಂಗ್ ತಂತಿಯಿಂದ ಕಟ್ಟಿರಿ. ನೆಲದ ಭಾಗದ ಹೊರ ಅಂಚಿಗೆ ಪ್ರತಿ ಎರಡು ಅಡಿಗೊಂದರಂತೆ, ಒಂದು ಅಡಿ ಉದ್ದದ ಕಬ್ಬಿಣದ ಸರಳಿನ ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ ಬಡಿಯಬೇಕು. ಜಾಲರಿಯ ಕತ್ತರಿಸಿದ ತುದಿಗಳು ಮೇಲ್ಮುಖವಾಗಿ ನಿಲ್ಲದಂತೆ ಕೆಳಕ್ಕೆ ಮಡಚುವುದು ಅವಶ್ಯ. ಇಲ್ಲವಾದರೆ ಅವು ಕುರಿಯ ಗೊರಸಿಗೂ ಮಕ್ಕಳ ಕಾಲಿಗೂ ಚುಚ್ಚುತ್ತವೆ. ಕೊನೆಗೆ ಮೂರು ನಾಲ್ಕು ಅಂಗುಲ ಮಣ್ಣು ಅಥವಾ ಗರಸು ಹರಡಿ ತುಳಿಸಿರಿ. ಒಳಬದಿಗೆ ಸೆರಗು ಹಾಸಿದ್ದಲ್ಲಿ ಈ ಮಣ್ಣಿನ ಹೊದಿಕೆಯನ್ನು ಎಂದೂ ಕೈಬಿಡಕೂಡದು; ಬಯಲಾದ ಜಾಲರಿಯ ಕಣ್ಣಿನಲ್ಲಿ ಮರಿಗಳ ಗೊರಸು ಸಿಕ್ಕಿ ಕಾಲು ಮುರಿಯುವ ಅಪಾಯವಿದೆ.

ಲೆಕ್ಕಕ್ಕೆ ಒಂದು ಉದಾಹರಣೆ ನೋಡೋಣ. ಸುಮಾರು 50 ಕುರಿಗಳಿಗೆಂದು 40 ಅಡಿ ಉದ್ದ, 30 ಅಡಿ ಅಗಲದ ದೊಡ್ಡಿಯಿದ್ದರೆ ಸುತ್ತಳತೆ 140 ಅಡಿ. ಬಾಗಿಲಿನ 4 ಅಡಿ ಕಳೆದರೆ 136 ಅಡಿ ಉಳಿಯುತ್ತದೆ. 50 ಅಡಿಯ ಸುರುಳಿಗಳಾದರೆ ಮೂರು ಬೇಕು. ಸುರುಳಿಗಳು ಕೂಡುವಲ್ಲಿ ಅರ್ಧ ಅಡಿ ಒಂದರ ಮೇಲೊಂದು ಬರಬೇಕು. ಉಳಿಯುವ ಸುಮಾರು 13 ಅಡಿಯ ತುಂಡನ್ನು ಎಸೆಯಬೇಡಿ. ಹೊರಬದಿಗೆ ಸೆರಗು ಹಾಸಿದಾಗ ನಾಲ್ಕು ಮೂಲೆಗಳಲ್ಲಿಯೂ ಎರಡು ಅಡಿ ಚೌಕದಷ್ಟು ನೆಲ ಜಾಲರಿಯಿಲ್ಲದೆ ಬಯಲಾಗಿ ಉಳಿಯುತ್ತದೆ. ನಾಯಿಗೆ ಮೂಲೆಯೆಂದರೆ ಮೊದಲೇ ಪ್ರೀತಿ. ಉಳಿದ ತುಂಡಿನಿಂದ ನಾಲ್ಕು ಚೌಕ ಕತ್ತರಿಸಿ ಆ ಮೂಲೆಗಳನ್ನು ಮುಚ್ಚಿ, ಅಕ್ಕಪಕ್ಕದ ಸೆರಗಿಗೆ ಹೊಲಿದಂತೆ ಕಟ್ಟಿರಿ. ಈ ಅಳತೆಯ ದೊಡ್ಡಿಗೆ ಸುಮಾರು 75 ಕೊಕ್ಕೆ ಗೂಟ ಬೇಕಾಗುತ್ತವೆ.

ಒಮ್ಮೆಲೆ ಇಷ್ಟು ಖರ್ಚು ಮಾಡಲಾಗದವರು ಬಾಗಿಲಿನ ಎರಡೂ ಪಕ್ಕ ಮತ್ತು ನಾಲ್ಕು ಮೂಲೆಗಳಿಂದ ಆರಂಭಿಸಿ, ನಡುವಿನ ಭಾಗಕ್ಕೆ ಸದ್ಯಕ್ಕೆ ಜಾಲಿಮುಳ್ಳು ಒತ್ತಬಹುದು. ಬಳ್ಳಾರಿ ಜಾಲಿಯ ಟೊಂಗೆಗಳನ್ನು ಬೇಲಿಯ ಹೊರಬುಡಕ್ಕೆ ಬುಡ ಒಳಗಾಗಿ, ತುದಿ ಹೊರಗಾಗಿ ಒತ್ತೊತ್ತಾಗಿ ಹಾಕಿ ಮೇಲೆ ಕಲ್ಲು ಹೇರಬೇಕು. ಇದು ಒಂದು ಹಂಗಾಮಿನ ಕೆಲಸ. ಮಳೆಗೆ ಕೊಳೆತು, ಗೆದ್ದಲು ತಿಂದು ಪುಡಿಯಾಗುವ ಮೊದಲೇ ಬದಲಿಸಬೇಕು. ಮುಳ್ಳನ್ನು ಒಳಬದಿಗೆ ಹಾಕಕೂಡದು.

ಹೊಲದಲ್ಲಿ ಕುರಿ ತರುಬುವವರಿಗೆ, ಅಂದರೆ ಗೊಬ್ಬರಕ್ಕಾಗಿ ದಿನಕ್ಕೊಂದು ಹೊಲದಲ್ಲಿ ಮಂದೆ ನಿಲ್ಲಿಸುವ ಕುರಿಗಾರರಿಗೆ, ಈ ಸೆರಗು ಒದಗದು. ಅವರು ಬಲೆಯ ಕೆಳ ಅಂಚು ನೆಲದ ಮೇಲೆ ಒಂದು ಅಡಿಯಷ್ಟು ಹೊರಕ್ಕೆ ಬೀಳುವಂತೆ ಸಡಿಲ ಬಿಟ್ಟು, ಆ ಅಂಚಿಗೆ ಗೂಟ ಬಡಿದರೆ ಇದೇ ತತ್ವ ಅಲ್ಲಿಯೂ ಸಾಗುತ್ತದೆ. ಮರಿಗಳನ್ನು ಮಂದೆಯ ನಡುಭಾಗದ ಗೂಡಿನಲ್ಲಿ ಇಡುವ ಹಳೆಯ ರೂಢಿಯನ್ನು ಬಿಡಬಾರದು.

ಬಾಗಿಲು ಮತ್ತು ಮೋರಿ

ಬೇಲಿ ಗಟ್ಟಿಯಾದಂತೆ ನಾಯಿ ಬಾಗಿಲಿಗೆ ಬರುತ್ತದೆ. ದಿನವೂ ಕುರಿ ತುಳಿದು ಬಾಗಿಲಿನ ಕೆಳಗೆ ನೆಲ ತಗ್ಗಾಗಿರುತ್ತದೆ. ಮಣ್ಣು ಗಂಜಲದಿಂದ ನೆನೆದು ಮೆದುವಾಗಿರುತ್ತದೆ. ಬಾಗಿಲಿನ ಅಗಲಕ್ಕೂ ಸಲ್ಲುವ ಹಾಸುಗಲ್ಲನ್ನು ಹೊಸ್ತಿಲಾಗಿ ಕೂಡಿಸಿರಿ. ಕಲ್ಲು ಕನಿಷ್ಠ ಎರಡು ಅಡಿ ಅಗಲವಿದ್ದು, ಅದರ ಹೆಚ್ಚಿನ ಭಾಗ ಹೊರಬದಿಗೆ ಇರಲಿ. ಬಾಗಿಲು ಮುಚ್ಚಿದಾಗ ಕಲ್ಲಿಗೂ ಬಾಗಿಲಿಗೂ ನಡುವೆ ಎರಡು ಅಂಗುಲಕ್ಕಿಂತ ಹೆಚ್ಚು ಸಂದು ಇರಕೂಡದು. ಬಾಗಿಲ ಕಂಬದ ಬುಡಕ್ಕೆ ಸೆರಗಿನ ತುದಿಯನ್ನು ಈ ಹೊಸ್ತಿಲ ಕೆಳಗೆ ಸೇರಿಸಿ ಕಲ್ಲು ಹಾಕಿದರೆ ಸಂದು ಉಳಿಯುವುದಿಲ್ಲ.

ದೊಡ್ಡಿಯ ನೀರು ಹರಿದುಹೋಗುವ ಮೋರಿಯ ಬಾಯಿಗೆ ಮೂರು ಅಂಗುಲಕ್ಕೊಂದರಂತೆ ಸರಳು ನಿಲ್ಲಿಸಿರಿ. ಮೋರಿಯ ಹೊರಬಾಯಲ್ಲಿ ನೀರು ಧುಮುಕಿ ನೆಲ ಕೊರೆಯುವ ಕಡೆ ಕಲ್ಲು ಹಾಸಬೇಕು. ಮುಂಗಾರಿನ ಮೊದಲ ದೊಡ್ಡ ಮಳೆಯ ಮರುದಿನ ಬೇಲಿಯ ಸುತ್ತ ಒಮ್ಮೆ ನಡೆದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಯರಿ ಭೂಮಿಯವರು ಬೇಸಿಗೆಯಲ್ಲಿಯೂ ಹದಿನೈದು ದಿನಕ್ಕೊಮ್ಮೆ ನೋಡಬೇಕು.

ಸೌರಶಕ್ತಿಯ ತಂತಿ ಬೇಲಿ ಇರುವವರು ನೆಲದಿಂದ ಆರೆಂಟು ಅಂಗುಲ ಎತ್ತರದಲ್ಲಿ, ಬೇಲಿಯಿಂದ ಸ್ವಲ್ಪ ಹೊರಗೆ, ಒಂದು ಎಳೆ ಹೆಚ್ಚಿಗೆ ಎಳೆಯಬಹುದು. ಬಗೆಯಲು ಬಂದ ನಾಯಿಯ ಮೂಗಿಗೆ ಅದು ತಾಗುತ್ತದೆ. ತಂತಿಗೆ ಹುಲ್ಲು ತಾಗಿದರೆ ಅದರ ಶಕ್ತಿ ಸೋರುತ್ತದೆ, ಸವರುತ್ತಿರಬೇಕು. ಇದು ಬ್ಯಾಟರಿಯಿಂದ ಬಿಟ್ಟು ಬಿಟ್ಟು ಕ್ಷಣಿಕ ಆಘಾತ ಕೊಡುವ ಯಂತ್ರದ ಮಾತು. ಪಂಪ್‌ಸೆಟ್ಟಿನ ಅಥವಾ ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವುದು ಕೊಲೆಗೆ ಸಮ. ಅದಕ್ಕೆ ಬಲಿಯಾಗುವವರು ರಾತ್ರಿ ನೀರು ಹಾಯಿಸಲು ಹೋದ ಮನೆಯವರೇ ಆಗಿರಬಹುದು. ಅದು ಶಿಕ್ಷಾರ್ಹ ಅಪರಾಧವೂ ಹೌದು.

ಸಾಕಿದ ನಾಯಿ ಹೊರಹೋಗಲು ತೋಡಿದರೆ

ಮಣ್ಣಿನ ಗುಡ್ಡೆ ಒಳಗಿದ್ದರೆ ಬೇಲಿಗಿಂತ ಮೊದಲು ನಾಯಿಯ ದಿನಚರಿಯನ್ನು ನೋಡಿರಿ. ಬೇಸಿಗೆಯಲ್ಲಿ ನೆರಳಿನಲ್ಲಿ ತೆಳುವಾಗಿ ಕೆದರಿ ಮಲಗಿದರೆ ಅದು ತಂಪಿಗಾಗಿ. ನೆರಳು, ನೀರು, ಒದ್ದೆ ಮರಳಿನ ಗುಂಡಿ ಒದಗಿಸಿದರೆ ಸಾಕು. ಗಬ್ಬದ ಹೆಣ್ಣುನಾಯಿ ಈಯುವ ಮುನ್ನ ಮೂಲೆ ಹುಡುಕಿ ತೋಡುತ್ತದೆ. ಗೋಣಿಚೀಲ ಹಾಸಿದ ಮರೆಯಾದ ಜಾಗ ಕೊಡಿ. ದೀಪಾವಳಿಯ ಪಟಾಕಿ ಸದ್ದಿಗೆ ಬೆದರಿ ತೋಡುವ ನಾಯಿಯನ್ನು ಆ ರಾತ್ರಿ ಮನೆಯೊಳಗೆ ಸೇರಿಸಬೇಕು.

ಬೆದೆಯ ಕಾಲದ ತೋಡುವಿಕೆಯೇ ಹೆಚ್ಚು ಹಟದ್ದು. ಮಳೆಗಾಲದ ಕೊನೆಯಿಂದ ಕಾರ್ತೀಕದ ಹೊತ್ತಿಗೆ ಊರನಾಯಿಗಳು ಗುಂಪುಗೂಡುತ್ತವೆ. ಗಂಡುನಾಯಿ ಒಳಗಿದ್ದರೆ ಹೊರಹೋಗಲು, ಹೆಣ್ಣುನಾಯಿ ಒಳಗಿದ್ದರೆ ಹೊರಗಿನ ಗಂಡುಗಳು ಒಳಬರಲು, ಅದೇ ಬೇಲಿಯನ್ನು ಎರಡು ಕಡೆಯಿಂದ ಬಗೆಯುತ್ತವೆ. ತಳಿಗಾಗಿ ಇಟ್ಟುಕೊಳ್ಳದ ನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುವುದೇ ಇದಕ್ಕೆ ಬಾಳುವ ಪರಿಹಾರ. ಅದರಿಂದ ನಾಯಿಯ ಕಾವಲುಗುಣ ಕುಂದುತ್ತದೆಂಬ ಮಾತಿಗೆ ಆಧಾರವಿಲ್ಲ.

ನೆರೆಯ ಮುಧೋಳದ ನಾಯಿಗಳನ್ನು ಈ ಭಾಗದ ಅನೇಕರು ಅಭಿಮಾನದಿಂದ ಸಾಕುತ್ತಾರೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯ ಚೀಟಿಯ ಮೇಲೆ ಬಂದ ಈ ತಳಿ ಕಣ್ಣಿನಿಂದ ಬೇಟೆ ಗುರುತಿಸಿ ಅಟ್ಟುವ ಓಟದ ನಾಯಿ. ಚಿಕ್ಕ ಹಿತ್ತಲಿನಲ್ಲಿ ದಿನವಿಡೀ ಕಟ್ಟಿಹಾಕಿದರೆ ಅದು ತೋಡುವುದರಲ್ಲಿ ಅಚ್ಚರಿಯಿಲ್ಲ. ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ಓಡಿಸಿರಿ. ಹೊರಗೆ ಹೋಗುವ ಬೆಕ್ಕು, ಕೋಳಿ ಕಣ್ಣಿಗೆ ಬೀಳದಂತೆ ಬೇಲಿಯ ಕೆಳಗಿನ ಎರಡು ಮೂರು ಅಡಿಗೆ ನೆರಳುಬಲೆ ಅಥವಾ ಕಬ್ಬಿನ ರವದಿಯ ತಟ್ಟಿ ಕಟ್ಟಿದರೆ ಅದರ ಚಡಪಡಿಕೆ ತಗ್ಗುತ್ತದೆ. ತಳಿಯ ಆರೈಕೆಯ ವಿವರಗಳಿಗೆ ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ನಡೆಸುವ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ವಿಚಾರಿಸಬಹುದು.

ತೋಡಿದ ಗುಂಡಿಯನ್ನು ತೋರಿಸಿ ನಾಯಿಯನ್ನು ಹೊಡೆಯುವುದರಿಂದ ಪ್ರಯೋಜನವಿಲ್ಲ. ಆಗಿಹೋದ ಕೆಲಸಕ್ಕೂ ಏಟಿಗೂ ಅದು ಸಂಬಂಧ ಕಲ್ಪಿಸಲಾರದು. ನಿಮ್ಮನ್ನು ಕಂಡು ಅಂಜುವುದನ್ನಷ್ಟೇ ಕಲಿಯುತ್ತದೆ.

ಮಾಡಬಾರದ ಕೆಲಸಗಳು

ಗುಂಡಿಗೆ ಖಾರಪುಡಿ, ಫಿನಾಯಿಲ್, ಸೀಮೆಎಣ್ಣೆ ಹಾಕುವುದು ಒಂದೆರಡು ದಿನದ ಮಾತು. ವಾಸನೆ ಹೋದೊಡನೆ ನಾಯಿ ಮರಳುತ್ತದೆ. ನುಸಿಗುಳಿಗೆ ನಾಯಿಗೂ ಮಕ್ಕಳಿಗೂ ವಿಷ. ಮಾಂಸದಲ್ಲಿ ಕೀಟನಾಶಕ ಬೆರೆಸಿ ಇಡುವುದಂತೂ ಸರ್ವಥಾ ಸಲ್ಲದು. ಅದನ್ನು ತಿನ್ನುವವು ನಿಮ್ಮ ಕುರಿ ಕಾಯುವ ನಾಯಿ, ನೆರೆಮನೆಯ ಬೆಕ್ಕು, ಹದ್ದು, ಕಾಗೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರ ಜೊತೆಗೆ, ಪ್ರಾಣಿಯನ್ನು ಕೊಲ್ಲುವುದು ಅಥವಾ ಅಂಗವಿಕಲಗೊಳಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಐದು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ.

ನಾಯಿಗಳನ್ನು ಹಿಡಿದು ಬೇರೆ ಊರಿನ ಗಡಿಯಲ್ಲಿ ಬಿಟ್ಟುಬರುವುದೂ ಪರಿಹಾರವಲ್ಲ. ತೆರವಾದ ಜಾಗಕ್ಕೆ, ಅಲ್ಲಿ ತಿನ್ನಲು ಸಿಗುವವರೆಗೆ, ಬೇರೆ ನಾಯಿಗಳು ಬರುತ್ತವೆ. ಪ್ರಾಣಿ ಜನನ ನಿಯಂತ್ರಣ ನಿಯಮಗಳು 2023ರ ಮೇರೆಗೆ ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮತ್ತು ರೇಬಿಸ್ ಲಸಿಕೆ ಕೊಡಿಸುವುದು ಸ್ಥಳೀಯ ಸಂಸ್ಥೆಯ ಹೊಣೆ. ಒಬ್ಬೊಬ್ಬರೇ ದೂರುವ ಬದಲು ಊರಿನ ಕುರಿ ಸಾಕಣೆದಾರರು ಒಟ್ಟಾಗಿ ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಕೊಟ್ಟು, ಅದನ್ನು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸುವುದು ಯೋಗ್ಯ. ವಿಸ್ತರಣಾ ಕಾರ್ಯಕರ್ತರು ಇದಕ್ಕೆ ನೆರವಾಗಬೇಕು.

ನಾಯಿ ದೊಡ್ಡಿಯತ್ತ ಬರುವುದೇಕೆ

ಬೇಲಿಯ ಬಳಿ ವಾಸನೆಯ ಸೆಳೆತವಿದ್ದರೆ ಯಾವ ತಡೆಯೂ ಸಾಲದು. ಸತ್ತ ಮರಿ, ಈದ ಕುರಿಯ ಸತ್ತೆ, ಸತ್ತ ಕೋಳಿ, ಜಾತ್ರೆ ಹಬ್ಬಗಳಲ್ಲಿ ಕಡಿದ ಕುರಿಯ ಕರುಳು ಇವನ್ನು ತಿಪ್ಪೆಗೆ ಎಸೆಯುವ ರೂಢಿಯಿಂದಲೇ ನಾಯಿಗಳಿಗೆ ದೊಡ್ಡಿಯ ದಾರಿ ಪರಿಚಯವಾಗುತ್ತದೆ. ಇದರಲ್ಲಿ ಇನ್ನೊಂದು ಹಾನಿಯೂ ಅಡಗಿದೆ. ಹಸಿ ಕರುಳು, ಯಕೃತ್ತು, ಮೆದುಳು ತಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆ ಮಲದ ಮೂಲಕ ಮೇವಿಗೆ ಸೇರುತ್ತದೆ. ಆ ಮೇವು ತಿಂದ ಕುರಿಗಳ ಯಕೃತ್ತು, ಶ್ವಾಸಕೋಶಗಳಲ್ಲಿ ನೀರುಗುಳ್ಳೆಗಳಾಗುತ್ತವೆ; ಮೆದುಳಿನಲ್ಲಿ ಗುಳ್ಳೆಯಾದ ಕುರಿ ಒಂದೇ ಕಡೆಗೆ ಸುತ್ತು ತಿರುಗಿ ಸಾಯುತ್ತದೆ. ನೀರುಗುಳ್ಳೆಯ ಬಾಧೆ ಮನುಷ್ಯರಿಗೂ ತಗಲುತ್ತದೆ. ಕುರಿ ಕಾಯುವ ನಾಯಿಗೆ ಹಸಿ ಕರುಳು ಹಾಕಬೇಡಿ. ಪಶುವೈದ್ಯರ ಸಲಹೆಯಂತೆ ಕ್ರಮವಾಗಿ ಜಂತುನಾಶಕ ಕೊಡಿಸಿರಿ.

ನಾಯಿ ನುಗ್ಗಿ ಕಚ್ಚಿದ್ದರೆ

ಮನುಷ್ಯರ ಮಾತು ಮೊದಲು. ನಾಯಿಯನ್ನು ಅಟ್ಟುವಾಗ ಕಚ್ಚಿಸಿಕೊಂಡವರು, ಪರಚಿಸಿಕೊಂಡವರು ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರ, ಅರಿಶಿನ, ಎಣ್ಣೆ ಹಚ್ಚಕೂಡದು. ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆ ಆರಂಭಿಸಬೇಕು. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಗಾಯಕ್ಕೆ ಪ್ರತಿಕಾಯದ ಚುಚ್ಚುಮದ್ದೂ ಬೇಕು, ಕೇಳಿ ಹಾಕಿಸಿಕೊಳ್ಳಿ. ವೈದ್ಯರು ಹೇಳಿದ ಎಲ್ಲ ದಿನಗಳ ಚುಚ್ಚುಮದ್ದನ್ನು ಪೂರ್ಣಗೊಳಿಸಬೇಕು. ರೇಬಿಸ್ ಲಕ್ಷಣ ತೋರಿದ ಮೇಲೆ ಬದುಕಿಸುವ ಔಷಧಿಯಿಲ್ಲ.

ಕಚ್ಚಿಸಿಕೊಂಡ ಕುರಿಗಳನ್ನು ಬೇರ್ಪಡಿಸಿ, ಕೈಗವಸು ಹಾಕಿಕೊಂಡು, ಗಾಯದ ಸುತ್ತಲ ಉಣ್ಣೆ ಕತ್ತರಿಸಿ ನೋಡಿರಿ. ದಕ್ಕನಿ ಕುರಿಯ ದಟ್ಟ ಉಣ್ಣೆಯಡಿ ಹಲ್ಲಿನ ತೂತು ಮೇಲಿನಿಂದ ಕಾಣದು. ಎರಡು ಮೂರು ದಿನಕ್ಕೆ ಹುಳು ಬಿದ್ದಾಗಲೇ ಗೊತ್ತಾಗುತ್ತದೆ. ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿರಿ. ಪಶುವೈದ್ಯರು 0, 3, 7, 14 ಮತ್ತು 28ನೇ ದಿನಗಳಲ್ಲಿ ರೇಬಿಸ್ ಲಸಿಕೆ ಹಾಕುತ್ತಾರೆ; ಕಚ್ಚಿದ ದಿನದಂದೇ ಆರಂಭವಾಗುವುದು ಉತ್ತಮ. ಮನೆಬಾಗಿಲಿಗೆ ಪಶುವೈದ್ಯ ಸೇವೆಗಾಗಿ 1962 ಸಂಖ್ಯೆಗೆ ಕರೆ ಮಾಡಬಹುದು. ಮುಂದಿನ ವಾರಗಳಲ್ಲಿ ಕುರಿ ಮೇವು ಬಿಟ್ಟು ಜೊಲ್ಲು ಸುರಿಸಿದರೆ, ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಅದರ ಬಾಯೊಳಗೆ ಕೈ ಹಾಕಬೇಡಿ. ರೇಬಿಸ್ ಜೊಲ್ಲಿನ ಮೂಲಕವೇ ಹರಡುತ್ತದೆ. ಅಂಥ ಕುರಿಯನ್ನು ಕಡಿಯುವುದಾಗಲಿ ಮಾರುವುದಾಗಲಿ ಮಾಡಕೂಡದು.

ಸತ್ತ ಕುರಿಗಳನ್ನು ಪಶುವೈದ್ಯಾಧಿಕಾರಿ ಬಂದು ನೋಡುವ ಮೊದಲು ಹೂಳಬೇಡಿ. ಬಿದ್ದ ಜಾಗದಲ್ಲಿಯೇ ಫೋಟೋ ತೆಗೆದು, ಬೇಲಿಯಡಿಯ ಗುಂಡಿಯ ಫೋಟೋವನ್ನೂ ಸೇರಿಸಿ ಇಟ್ಟುಕೊಳ್ಳಿ. ಆಕಸ್ಮಿಕವಾಗಿ ಸತ್ತ ಕುರಿ ಮೇಕೆಗಳಿಗೆ ಪರಿಹಾರ ಕೊಡುವ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಡಿ ಅರ್ಜಿ ಸಲ್ಲಿಸಬಹುದೇ ಎಂಬುದನ್ನು ಅವರಿಂದಲೇ ತಿಳಿದುಕೊಂಡು, ಮರಣೋತ್ತರ ಪರೀಕ್ಷೆಯ ವರದಿ ಪಡೆಯಿರಿ. ದಾಳಿ ಮಾಡಿದ್ದು ತೋಳವೆಂಬ ಸಂಶಯವಿದ್ದರೆ ಅರಣ್ಯ ಇಲಾಖೆಗೂ ತಿಳಿಸಬೇಕು. ತೋಳ ಸಾಮಾನ್ಯವಾಗಿ ಗಂಟಲು ಹಿಡಿದು ಒಂದನ್ನು ಎಳೆದೊಯ್ಯುತ್ತದೆ. ತೊಡೆ, ಕಿವಿ, ಬಾಲ ಹರಿದು ಹಲವು ಕುರಿಗಳನ್ನು ಅರೆಜೀವ ಮಾಡಿ ಬಿಟ್ಟುಹೋಗುವುದು ನಾಯಿಯ ರೀತಿ.

ಪರೀಕ್ಷೆ ಮುಗಿದ ಮೇಲೆ ಬಾವಿ, ಕೊಳವೆಬಾವಿ, ಕಾಲುವೆಗಳಿಂದ ದೂರದಲ್ಲಿ ಆರು ಅಡಿ ಆಳದ ಗುಂಡಿ ತೆಗೆದು, ಸುಣ್ಣ ಹರಡಿ ಹೂಳಿರಿ. ಹೂತ ಜಾಗವನ್ನೂ ನಾಯಿ ಬಿಡುವುದಿಲ್ಲ. ಮಣ್ಣಿನ ಮೇಲೆ ಜಾಲಿಮುಳ್ಳು ಹಾಸಿ, ಅದರ ಮೇಲೆ ಇಬ್ಬರು ಎತ್ತುವಂಥ ಕಲ್ಲುಗಳನ್ನು ಹೇರಿ, ಮಣ್ಣು ಕುಸಿದು ಕೂಡುವವರೆಗೆ ಮೂರು ವಾರ ದಿನಕ್ಕೊಮ್ಮೆ ನೋಡಿಬರಬೇಕು.